ಪೋರ್ಟ್ ತೆರೆದರೂ ಹೊರಗಿನವರು ನನ್ನ ಗೇಮ್ ಸರ್ವರ್‌ಗೆ ಬರಲಾಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:

ಅಣ್ಣ, ನಮ್ಮದು ಕೋಣಂದೂರು ಹತ್ತಿರ ಹಳ್ಳಿ. ಮನೆಗೆ ಫೈಬರ್ ಬಂದು ಒಂದು ವರ್ಷ ಆಯ್ತು. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿದ್ದಾನೆ, ಅತ್ತೆ ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಎಲ್ಲರೂ ನಮ್ಮ ಜಗುಲಿಯಲ್ಲಿ ಕೂತು ಒಂದೇ ವೈಫೈನಲ್ಲಿ ಮೈನ್‌ಕ್ರಾಫ್ಟ್ ಜಾವಾ ಆಡಿದೆವು, ಚೆನ್ನಾಗಿ ಓಡಿತು. ಈಗ ಅವರು ವಾಪಸ್ ಹೋಗಿದ್ದಾರೆ, ಅದೇ ವರ್ಲ್ಡ್ ಮುಂದುವರಿಸೋಣ ಅಂತ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಹಾಕಿದೆ. ರೌಟರ್‌ನಲ್ಲಿ 25565 ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಆ ನಂಬರ್‌ಗೆ ಹೊರಗಿನಿಂದ ಬಂದವರನ್ನು ನನ್ನ ಲ್ಯಾಪ್‌ಟಾಪ್‌ಗೆ ಕಳಿಸು ಅಂತ ಹೇಳಿಟ್ಟೆ. ಎರಡು ಸಲ ಅಳಿಸಿ ಮತ್ತೆ ಮಾಡಿದೆ. ಮನೆಯೊಳಗೆ ಸರಿ ಇದೆ, ಹೊರಗಿನವರಿಗೆ ಮಾತ್ರ 'ಕನೆಕ್ಷನ್ ಟೈಮ್ಡ್ ಔಟ್' ಬರುತ್ತದೆ. ಡಿಎಂಜೆಡ್ ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಮಾಡಲಾ?

ಉತ್ತರ:

ಬೇಡ. ಎರಡೂ ಬೇಡ. ಡಿಎಂಜೆಡ್ ಆನ್ ಮಾಡಿದರೆ ನಿಮ್ಮ ಲ್ಯಾಪ್‌ಟಾಪ್‌ನ ಎಲ್ಲ ಪೋರ್ಟ್‌ಗಳೂ ಇಂಟರ್ನೆಟ್ಟಿಗೆ ತೆರೆದುಕೊಳ್ಳುತ್ತವೆ. ಜೊತೆಗೆ ಫೈರ್‌ವಾಲ್ ಕೂಡ ಇಲ್ಲ ಅಂದರೆ ಕೇಳುವವರೇ ಇಲ್ಲ. ನಿಮಗೆ ಬೇಕಿರುವುದು ಒಂದೇ ಒಂದು ಪೋರ್ಟ್.

ನಾನು ಶಿವಮೊಗ್ಗದಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ, ಇಂಥ ಮನೆಗಳಿಗೆ ಹೋದಾಗ ಪೋರ್ಟ್ ಸೆಟ್ಟಿಂಗ್ ಮುಟ್ಟುವ ಮೊದಲು ಎರಡು ನಂಬರ್ ನೋಡುತ್ತೇನೆ. ನೀವೂ ನೋಡಿ. ರೌಟರ್ ಪೇಜಿಗೆ ಲಾಗಿನ್ ಆಗಿ 'ಸ್ಟೇಟಸ್' ಅಥವಾ 'ವ್ಯಾನ್' ಅನ್ನುವಲ್ಲಿ ಇರುವ ಐಪಿ (ಇಂಟರ್ನೆಟ್ ವಿಳಾಸದ ನಂಬರ್) ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ ಬ್ರೌಸರ್ ತೆರೆದು 'ನನ್ನ ಐಪಿ ಯಾವುದು' ಅಂತ ಹುಡುಕಿ, ಅಲ್ಲಿ ತೋರಿಸುವ ಐಪಿ ಬರೆದುಕೊಳ್ಳಿ. ಎರಡೂ ಒಂದೇ ಇದ್ದರೆ ನಿಮ್ಮ ಸೆಟ್ಟಿಂಗ್‌ನಲ್ಲಿ ತಪ್ಪಿದೆ, ಸರಿ ಮಾಡಬಹುದು. ಬೇರೆ ಬೇರೆ ಇದ್ದರೆ ನೀವು ಎಷ್ಟು ಸಲ ಪೋರ್ಟ್ ಫಾರ್ವರ್ಡ್ ಮಾಡಿದರೂ ಆಗುವುದಿಲ್ಲ. ಎರಡೂ ನಂಬರ್‌ನ ಮೊದಲ ಎರಡು ಭಾಗ ಮಾತ್ರ ಇಲ್ಲಿ ಹಾಕಿ, ಪೂರ್ತಿ ಹಾಕಬೇಡಿ.

ಇನ್ನೊಂದು ವಿಷಯ ಹೇಳಿ. ಸರ್ವರ್ ಫೈಲ್ ಬೇರೆ ಇಳಿಸಿಕೊಂಡು ಓಡಿಸುತ್ತಿದ್ದೀರಾ, ಇಲ್ಲಾ ಆಟದೊಳಗೆ 'ಓಪನ್ ಟು ಲ್ಯಾನ್' ಒತ್ತಿದ್ದೀರಾ? ಓಪನ್ ಟು ಲ್ಯಾನ್ ಆದರೆ ನೀವೇ ಪೋರ್ಟ್ ನಂಬರ್ ಕೊಡದಿದ್ದಾಗ ಅದು ಪ್ರತಿ ಸಲ ತನಗೆ ಬೇಕಾದ ಪೋರ್ಟ್ ಹಿಡಿಯುತ್ತದೆ, 25565 ಆಗಿರುವುದಿಲ್ಲ.

ಪ್ರಶ್ನೆ ಕೇಳಿದವರು:

ಸರ್ವರ್ ಫೈಲೇ ಅಣ್ಣ. ರೌಟರ್‌ನಲ್ಲಿ 100.72 ಅಂತ ಶುರುವಾಗುತ್ತೆ. ಬ್ರೌಸರ್‌ನಲ್ಲಿ 103 ರಿಂದ ಶುರುವಾಗುವ ಬೇರೆಯೇ ನಂಬರ್.

ಉತ್ತರ:

ಸಿಕ್ಕಿತು. ಇದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕೊಡುವವರು ಒಂದೇ ಹೊರಗಿನ ಐಪಿಯ ಹಿಂದೆ ಹಲವು ಮನೆಗಳನ್ನು ಕೂರಿಸುವ ವ್ಯವಸ್ಥೆ. ನಿಮ್ಮ ಕಡೆ ತಪ್ಪೇನೂ ಇಲ್ಲ.

ನಮ್ಮ ಕಡೆ ತೋಟದ ಮನೆಗಳಿಗೆ ಎರಡು ದಣಪೆ (ಗೇಟು) ಇರುತ್ತವಲ್ಲ, ಅಂಗಳದ ಹತ್ತಿರ ಒಂದು, ಮಣ್ಣಿನ ರಸ್ತೆ ಟಾರ್ ರಸ್ತೆಗೆ ಸೇರುವಲ್ಲಿ ಇನ್ನೊಂದು. ನೀವು ಅಂಗಳದ ದಣಪೆ ತೆಗೆದಿಟ್ಟು ಕಾಯುತ್ತಿದ್ದೀರಿ. ರಸ್ತೆ ಬದಿಯ ದಣಪೆ ಇಂಟರ್ನೆಟ್ ಕೊಡುವವರ ಕೈಯಲ್ಲಿದೆ, ಅದು ಹಾಕಿಯೇ ಇದೆ. ನಿಮ್ಮ ತಮ್ಮ ಬೆಂಗಳೂರಿಂದ ಬಂದವನು ಅಲ್ಲೇ ನಿಂತಿದ್ದಾನೆ, ನಿಮ್ಮ ಅಂಗಳದವರೆಗೆ ಬಂದೇ ಇಲ್ಲ. ಹಾಗಾಗಿ ಟೈಮ್ಡ್ ಔಟ್.

ಯಾಕೆ ಹೀಗೆ ಮಾಡುತ್ತಾರೆ ಅಂದರೆ ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಅಷ್ಟೇ. ನಮ್ಮ ಏಷ್ಯಾ ಭಾಗಕ್ಕೆ ಹಂಚುವವರ ಹತ್ತಿರ 2011ರ ಏಪ್ರಿಲ್‌ನಲ್ಲೇ ಅದು ಕೊನೆಯ ಕಂತಿಗೆ ಬಂದಿತ್ತು. ಅದಕ್ಕೇ ಒಂದೇ ಹೊರಗಿನ ಐಪಿಯನ್ನು ಎಷ್ಟೋ ಮನೆಗಳಿಗೆ ಸೇರಿಸಿ ಕೊಡುತ್ತಾರೆ. ಒಳಗಿನ ಬಳಕೆಗೆ ಅಂತಲೇ 100.64 ರಿಂದ 100.127 ರವರೆಗಿನ ನಂಬರ್‌ಗಳನ್ನು 2012ರಲ್ಲಿ ಬೇರೆ ತೆಗೆದಿಟ್ಟರು. ನಿಮ್ಮ 100.72 ಅದರೊಳಗೇ ಇದೆ. ರೌಟರ್‌ನಲ್ಲಿ 10 ಅಥವಾ 192.168 ರಿಂದ ಶುರುವಾಗುವ ನಂಬರ್ ಕಂಡವರಿಗೂ ಇದೇ ಮಾತು, ನಿಮ್ಮ ಮುಂದೆ ಇನ್ನೊಂದು ರೌಟರ್ ಕೂತಿದೆ ಅಂತ ಅರ್ಥ. ಒಮ್ಮೊಮ್ಮೆ ಅದು ನಿಮ್ಮ ಮನೆಯಲ್ಲೇ ಇರುತ್ತದೆ, ಫೈಬರ್ ಡಬ್ಬಿ ಒಂದು, ನೀವು ತಂದ ರೌಟರ್ ಒಂದು. ಆಗ ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದರೆ ಸಾಕು, ಅದು ರೌಟರ್ ಕೆಲಸ ಬಿಟ್ಟು ಬರೀ ದಾಟಿಸುವ ಕೆಲಸ ಮಾಡುತ್ತದೆ.

ನಿಮಗೆ ಎರಡು ದಾರಿ. ನಿಮ್ಮ ಕೇಬಲ್‌ನವರಿಗೆ ಫೋನ್ ಮಾಡಿ 'ಪಬ್ಲಿಕ್ ಐಪಿ ಬೇಕು' ಅಂತ ಇದೇ ಪದದಲ್ಲಿ ಕೇಳಿ. 'ಗೇಮ್ ಆಡಲು ಆಗುತ್ತಿಲ್ಲ' ಅಂದರೆ ಸ್ಪೀಡ್ ಚೆಕ್ ಮಾಡಿ ಹೋಗುತ್ತಾರೆ. ಕೆಲವರು ಸುಮ್ನೆ ಕೊಡುತ್ತಾರೆ, ಜಾಸ್ತಿ ಕಡೆ ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಟೇಲ್‌ಸ್ಕೇಲ್, ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ಆ್ಯಪ್. ನಿಮ್ಮಂಥ ಮೂರು ನಾಲ್ಕು ಜನರ ಗುಂಪಿಗೆ ನಾನು ಇದನ್ನೇ ಹೇಳುವುದು. ಮನೆ ಬಳಕೆಗೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೂ ಅವರ ಕಂಪ್ಯೂಟರ್‌ಗೂ ಹಾಕಿ, ನಿಮ್ಮ ಲ್ಯಾಪ್‌ಟಾಪನ್ನು ಅವರಿಬ್ಬರ ಜೊತೆ ಶೇರ್ ಮಾಡಿ. ಅದು ಕೊಡುವ ನಂಬರನ್ನು ಅವರು ಆಟದಲ್ಲಿ ಸರ್ವರ್ ವಿಳಾಸದ ಜಾಗದಲ್ಲಿ ಹಾಕಿದರೆ ಆಯ್ತು. ಆ ನಂಬರೂ 100 ರಿಂದಲೇ ಶುರುವಾಗುತ್ತದೆ, ರೌಟರ್‌ನ ನಂಬರ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ರೌಟರ್‌ನಲ್ಲಿ ಏನೂ ತೆರೆಯುವುದು ಬೇಡ, ಈಗಾಗಲೇ ಹಾಕಿರುವ ಫಾರ್ವರ್ಡಿಂಗ್ ಅಳಿಸಿಬಿಡಿ. ಎರಡೂ ಕಡೆಯವರಿಗೆ ನೇರ ದಾರಿ ಸಿಗದಿದ್ದರೆ ಮಾತು ನಡುವಿನ ಸರ್ವರ್ ಮೂಲಕ ಸುತ್ತಿ ಬರುತ್ತದೆ, ಆಗ ಪಿಂಗ್, ಅಂದರೆ ಹೋಗಿ ಬರಲು ಹಿಡಿಯುವ ಸಮಯ, ಏರುತ್ತದೆ. ಮೈನ್‌ಕ್ರಾಫ್ಟ್‌ಗೆ ಅದು ಅಷ್ಟು ತೊಂದರೆ ಇಲ್ಲ, ಗುಂಡು ಹೊಡೆಯುವ ಆಟಗಳಿಗೆ ಕಷ್ಟ.

ಪ್ರಶ್ನೆ, ಸಾಗರದಿಂದ:

ಸರ್, ನಮ್ಮ ಮನೆಯಲ್ಲಿ ಎರಡು ನಂಬರೂ ಒಂದೇ ಇದೆ, ಈಗಷ್ಟೇ ನೋಡಿದೆ. ಮಗ ಪೋರ್ಟ್ ಫಾರ್ವರ್ಡ್ ಮಾಡಿಕೊಂಡಿದ್ದ, ಒಂದು ವಾರ ಸರಿ ಇತ್ತು. ಮೊನ್ನೆ ಮಳೆಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಬೆಳಗ್ಗೆಯಿಂದ ಅವನ ಸ್ನೇಹಿತರಿಗೆ ಬರುತ್ತಿಲ್ಲ. ಅವನಿಗೆ ಎಕ್ಸಾಮ್ ಇದೆ, ಅದಕ್ಕೆ ನಾನು ಕೇಳುತ್ತಿದ್ದೇನೆ. ಮತ್ತೆ ಹೀಗೆ ತೆರೆದಿಡುವುದು ಸೇಫಾ?

ಉತ್ತರ:

ಅಕ್ಕ, ಕೇಳಿದ್ದು ಒಳ್ಳೆಯದಾಯ್ತು. ಮಳೆಗಾಲದಲ್ಲಿ ನನಗೆ ಜಾಸ್ತಿ ಫೋನ್ ಬರುವುದು ಇದಕ್ಕೇ.

ಮನೆಯೊಳಗಿನ ಪ್ರತಿ ಫೋನ್, ಟಿವಿ, ಕಂಪ್ಯೂಟರ್‌ಗೂ ರೌಟರ್ ಒಂದೊಂದು ನಂಬರ್ ಹಂಚುತ್ತದೆ. ಮಗನ ಕಂಪ್ಯೂಟರ್‌ಗೆ 192.168.1.5 ಸಿಕ್ಕಿತ್ತು ಅಂದುಕೊಳ್ಳಿ. '25565ಕ್ಕೆ ಬಂದವರನ್ನು ಐದನೇ ನಂಬರ್‌ಗೆ ಕಳಿಸು' ಅಂತ ಅವನು ರೌಟರ್‌ಗೆ ಹೇಳಿಟ್ಟಿದ್ದಾನೆ. ಕರೆಂಟ್ ಹೋಗಿ ಬಂತು, ರೌಟರ್ ಹೊಸದಾಗಿ ಶುರುವಾಯ್ತು, ಮೊದಲು ಎದ್ದ ನಿಮ್ಮ ಫೋನ್‌ಗೆ ಐದನೇ ನಂಬರ್ ಸಿಕ್ಕಿತು, ಕಂಪ್ಯೂಟರ್‌ಗೆ ಒಂಬತ್ತು. ಈಗ ಅವನ ಸ್ನೇಹಿತರೆಲ್ಲ ನಿಮ್ಮ ಫೋನಿನ ಬಾಗಿಲು ತಟ್ಟುತ್ತಿದ್ದಾರೆ, ಅಲ್ಲಿ ಆಟ ಇಲ್ಲ.

ರೌಟರ್‌ನಲ್ಲಿ 'ಡಿಎಚ್‌ಸಿಪಿ' ಅನ್ನುವ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಇರುತ್ತದೆ. ಅಲ್ಲಿ ಕಂಪ್ಯೂಟರ್ ಆರಿಸಿ ಅದೇ ಹಳೆಯ ನಂಬರ್ ಕಾಯಂ ಮಾಡಿ, ಸೇವ್ ಮಾಡಿ, ರೌಟರ್ ಒಮ್ಮೆ ಆಫ್ ಆನ್ ಮಾಡಿ. ಪೋರ್ಟ್ ಫಾರ್ವರ್ಡಿಂಗ್ ಕೆಲವು ರೌಟರ್‌ಗಳಲ್ಲಿ 'ವರ್ಚುವಲ್ ಸರ್ವರ್' ಅನ್ನುವ ಹೆಸರಿನಲ್ಲಿರುತ್ತದೆ, ಅಲ್ಲೂ ಅದೇ ನಂಬರ್ ಇದೆಯಾ ನೋಡಿ. ಜಾವಾ ಆಟಕ್ಕೆ 25565, ಟಿಸಿಪಿ. ಮೊಬೈಲ್‌ನ ಬೆಡ್‌ರಾಕ್ ಆಟಕ್ಕೆ 19132, ಯುಡಿಪಿ. ಟಿಸಿಪಿ, ಯುಡಿಪಿ ಅಂದರೆ ಡೇಟಾ ಕಳಿಸುವ ಎರಡು ಬೇರೆ ರೀತಿ. ಟಿಸಿಪಿ ಜಾಗದಲ್ಲಿ ಯುಡಿಪಿ ಆರಿಸಿ ದಿನವಿಡೀ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇಷ್ಟಾದರೂ ಬರದಿದ್ದರೆ ಹೊರಗಿನ ನಂಬರೂ ಬದಲಾಗಿರಬಹುದು. ಪಬ್ಲಿಕ್ ಐಪಿ ಅಂದ ಮಾತ್ರಕ್ಕೆ ಕಾಯಂ ಅಲ್ಲ. ಈಗಿನ ನಂಬರ್ ನೋಡಿ ಸ್ನೇಹಿತರಿಗೆ ಹೊಸದಾಗಿ ಕೊಡಲಿ. ಪರೀಕ್ಷೆ ಮಾಡುವಾಗ ಮನೆ ವೈಫೈನಲ್ಲಿ ಕೂತು ಹೊರಗಿನ ನಂಬರ್ ಹಾಕಿ ನೋಡಬೇಡಿ, ಎಷ್ಟೋ ರೌಟರ್‌ಗಳು ಒಳಗಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುವುದನ್ನು ಬಿಡುವುದಿಲ್ಲ. ಸರಿ ಇದ್ದರೂ ಕೆಟ್ಟಿದೆ ಅನ್ನಿಸುತ್ತದೆ. ಇನ್ನೊಂದು ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ.

ಸೇಫಾ ಅಂತ ಕೇಳಿದಿರಿ. ಆಟದ ಸರ್ವರ್‌ನಲ್ಲಿ 'ವೈಟ್‌ಲಿಸ್ಟ್' ಆನ್ ಮಾಡಿಸಿ, ಇದೊಂದು ತಪ್ಪಿಸಬೇಡಿ. ಹೆಸರು ಬರೆದವರು ಮಾತ್ರ ಒಳಗೆ ಬರುತ್ತಾರೆ. ತೆರೆದ ಪೋರ್ಟ್ ಹುಡುಕುತ್ತಾ ಇಂಟರ್ನೆಟ್ ಪೂರ್ತಿ ಅಲೆಯುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ, ನಮ್ಮದು ಸಾಗರದ ಮೂಲೆ, ಯಾರು ಬರುತ್ತಾರೆ ಅಂದುಕೊಳ್ಳುವ ಹಾಗಿಲ್ಲ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಡಬ್ಬಿಯ ಕೆಳಗೆ ಅಂಟಿಸಿರುವುದೇ ಇದ್ದರೆ ಇವತ್ತೇ ಬದಲಾಯಿಸಿ. ವಿಂಡೋಸ್ ಫೈರ್‌ವಾಲ್ ಆನ್ ಇರಲಿ, ಜಾವಾಗೆ ಮಾತ್ರ ಅನುಮತಿ ಕೊಡಲಿ. ಎಕ್ಸಾಮ್ ಮುಗಿಯುವವರೆಗೆ ಆಟ ಇಲ್ಲ ಅಂದರೆ ಆ ಪೋರ್ಟ್ ಸಾಲನ್ನು ಡಿಸೇಬಲ್ ಮಾಡಿಡಿ, ಅಳಿಸುವುದು ಬೇಡ.

ಸಾಗರದವರು:

ಆಯ್ತು ಸರ್, ಐದನೇ ನಂಬರ್ ಫೋನ್‌ಗೆ ಅಲ್ಲ, ಟಿವಿಗೆ ಹೋಗಿತ್ತು. ಸರಿ ಮಾಡಿದೆ. ಇನ್ನೊಂದೇ ಪ್ರಶ್ನೆ, ಅವನ ರೂಮು ಅಟ್ಟದ ಮೇಲೆ. ಹಳೇ ಮನೆ, ಜಂಬಿಟ್ಟಿಗೆ ಗೋಡೆ. ಸ್ನೇಹಿತರು ನಡುನಡುವೆ ಆಟ ನಿಂತು ನಿಂತು ಹೋಗುತ್ತೆ ಅಂತಾರಂತೆ. ದೊಡ್ಡ ಪ್ಲಾನ್ ಹಾಕಿಸಬೇಕಾ?

ಉತ್ತರ:

ಪ್ಲಾನ್‌ಗೆ ದುಡ್ಡು ಹಾಕಬೇಡಿ ಅಕ್ಕ. ಐದಾರು ಜನರ ಮೈನ್‌ಕ್ರಾಫ್ಟ್‌ಗೆ ತಲೆಗೆ ಅರ್ಧ ಎಂಬಿಪಿಎಸ್ ಅಪ್‌ಲೋಡ್ ಅಂತ ಧಾರಾಳವಾಗಿ ಹಿಡಿದರೂ ಮೂರು ಎಂಬಿಪಿಎಸ್. ನಿಮ್ಮ ತೊಂದರೆ ಆ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಂಥ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸೋತಿರುತ್ತದೆ. 2.4 ದಾಟುತ್ತದೆ, ಆದರೆ ನಿಧಾನ. ಒಂದು ಕ್ಯಾಟ್ 6 ಕೇಬಲ್ ಅಟ್ಟಕ್ಕೆ ಎಳೆಸಿ. ನೂರು ಮೀಟರ್‌ವರೆಗೂ ತೊಂದರೆ ಇಲ್ಲ, ನಿಮಗೆ ಇಪ್ಪತ್ತು ಮೀಟರ್ ಸಾಕಾಗಬಹುದು. ಹಂಚಿನ ಕೆಳಗೆ ಪಕಾಸಿಗೆ ಕಟ್ಟಿ ತಂದರೆ ಗೋಡೆ ಕೊರೆಯುವುದೂ ಬೇಡ, ಇಲಿ ಓಡಾಡುವ ಜಾಗದಲ್ಲಿ ಮಾತ್ರ ಪೈಪಿನೊಳಗೆ ಹಾಕಿಸಿ. ಸರ್ವರ್ ಇರುವ ಕಂಪ್ಯೂಟರ್ ವೈಫೈ ಮೇಲೆ ಇದ್ದರೆ ಅದರ ತೊಂದರೆ ಆಡುವವರಿಗೆಲ್ಲ ಹೋಗುತ್ತದೆ.

ರೌಟರ್‌ಗೆ ಒಂದು ಮಿನಿ ಯುಪಿಎಸ್ ಕೂಡ ತನ್ನಿ. 12 ವೋಲ್ಟ್‌ನದ್ದು ಸಿಗುತ್ತದೆ, ನಿಮ್ಮ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ ತೆಗೆದುಕೊಳ್ಳಿ. ಆದರೆ ಗುಡುಗು ಶುರುವಾದರೆ ಯುಪಿಎಸ್ ನಂಬಿ ಕೂರಬೇಡಿ, ಎಲ್ಲ ಪ್ಲಗ್ ಕಿತ್ತಿಡಿ, ಅಟ್ಟಕ್ಕೆ ಹೋದ ಆ ಕೇಬಲ್ಲನ್ನೂ. ಒಂದು ಕಡೆ ಹೊಡೆದ ಸಿಡಿಲು ತಾಮ್ರದ ಎಳೆ ಹಿಡಿದು ಇನ್ನೊಂದು ಕಡೆಗೆ ಹೋಗುತ್ತದೆ, ಕಂಪ್ಯೂಟರ್ ಬೋರ್ಡ್ ಸುಟ್ಟ ಮನೆಗಳನ್ನು ನೋಡಿದ್ದೇನೆ.

ಕೋಣಂದೂರಿನವರು:

ಅಣ್ಣ, ಟೇಲ್‌ಸ್ಕೇಲ್ ಹಾಕಿದೆ, ಬೆಂಗಳೂರಿನ ತಮ್ಮ ಬಂದ! ಶಿವಮೊಗ್ಗದವಳಿಗೆ ಮಾತ್ರ 'ನೀವು ವೈಟ್‌ಲಿಸ್ಟ್‌ನಲ್ಲಿ ಇಲ್ಲ' ಅಂತ ಬರುತ್ತಿದೆ. ನಿಮ್ಮ ಉತ್ತರ ನೋಡಿ ಅದನ್ನೂ ಆನ್ ಮಾಡಿದ್ದೆ.

ಉತ್ತರ:

ಹಾಗಾದರೆ ಸರ್ವರ್‌ವರೆಗೆ ಬಂದಿದ್ದಾಳೆ, ದಾರಿ ಸರಿ ಇದೆ. ಅವಳ ಆಟದ ಹೆಸರನ್ನು ಅವಳಿಂದಲೇ ಟೈಪ್ ಮಾಡಿಸಿ ತರಿಸಿಕೊಂಡು ಹಾಗೇ ಅಂಟಿಸಿ, ಕೇಳಿ ಬರೆಯಬೇಡಿ.

ಕೋಣಂದೂರಿನವರು:

ಅಂಡರ್‌ಸ್ಕೋರ್ ಒಂದು ಬಿಟ್ಟಿದ್ದೆ. ಬಂದಳು.