ವಿಚರ್ 3ರ ಸ್ಕೆಲಿಗೆ ಹೆಸರುಗಳು: ವೆಲ್ಶ್, ಐರಿಶ್ ತುಣುಕು ಜೋಡಿಸಿ ಊರ ಹೆಸರು ಕಟ್ಟಬಹುದಾ?

ಇರುಳಾಟ:
ಎಲ್ಲರಿಗೂ ನಮಸ್ಕಾರ. ವಿಚರ್ 3 ಗೇಮ್ ಬಂದದ್ದು 2015ರಲ್ಲಿ, ನಾನು ಶುರು ಮಾಡಿದ್ದು ಈಗ. ಅದರಲ್ಲಿ ಬರುವ ಸ್ಕೆಲಿಗೆ ದ್ವೀಪಗಳಿಗೆ ಬಂದ ಮೇಲೆ ಕಥೆ ಬಿಟ್ಟು ಮ್ಯಾಪಿನ ಹೆಸರುಗಳನ್ನೇ ಓದುತ್ತಾ ಕೂತಿದ್ದೇನೆ, ಅಲ್ಲಿನವರ ಇಂಗ್ಲಿಷ್ ಕೂಡ ಐರಿಶ್ ಧಾಟಿಯಲ್ಲಿದೆ, ಕೇಳೋಕೆ ಎಷ್ಟು ಚೆನ್ನಾಗಿದೆ! ನಾನೂ ಒಂದು ಸಣ್ಣ ಫ್ಯಾಂಟಸಿ ಗೇಮ್ ಮಾಡುತ್ತಿದ್ದೇನೆ. ಕೇರ್, ಅಬರ್, ಪೆನ್, ಆರ್ಡ್ ಅಂತ ಸಿಕ್ಕ ವೆಲ್ಶ್ (ವೇಲ್ಸ್‌ನ ನುಡಿ), ಐರಿಶ್ ತುಣುಕುಗಳನ್ನು ಕಿವಿಗೆ ಇಂಪಾಗುವ ಹಾಗೆ ಜೋಡಿಸಿ 40 ಊರಿಗೆ ಹೆಸರಿಟ್ಟೆ. ಅರ್ಥ ನೋಡಿಲ್ಲ. ಇದು ಸರಿನಾ?

ಕಡಲಹಕ್ಕಿ:
ಸ್ಕೆಲಿಗೆ ಸುಮ್ನೆ ಹುಟ್ಟಿದ ಹೆಸರಲ್ಲ. ಐರ್ಲೆಂಡಿನ ಕೆರ್ರಿ ಕರಾವಳಿಯಿಂದ ಸುಮಾರು 12 ಕಿ.ಮೀ. ದೂರದಲ್ಲಿ ಸ್ಕೆಲಿಗ್ ಅನ್ನೋ ಬಂಡೆ ದ್ವೀಪಗಳಿವೆ. ದೊಡ್ಡದು ಸ್ಕೆಲಿಗ್ ಮೈಕಲ್, ಅದರ ನೆತ್ತಿಯ ಹತ್ತಿರ ಹಳೇ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಜೇನುಗೂಡಿನ ಆಕಾರದ ಕಲ್ಲುಮನೆಗಳು ಇನ್ನೂ ನಿಂತಿವೆ. 1996ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಐರಿಶ್‌ನಲ್ಲಿ ಸ್ಕೆಲಿಗ್ ಅಂದರೆ ಕಡಿದಾದ ಬಂಡೆ, ಆರ್ಡ್ ಅಂದರೆ ಎತ್ತರ. ಅದೇ ಗೇಮ್‌ನ ಕೋಟೆ ಕೇರ್ ಮೋರ್ಹೆನ್ ಹೆಸರು ಇನ್ನೂ ಚೆಂದ: ಕಥೆಯಲ್ಲಿ ಅದರ ಅರ್ಥ ಹಳೇ ಕಡಲಿನ ಕೋಟೆ. ವೆಲ್ಶ್‌ನಲ್ಲಿ ಕೈರ್ (ನಿಮ್ಮ ಕೇರ್) ಅಂದರೆ ಕೋಟೆ, ಹೇನ್ ಅಂದರೆ ಹಳೆಯದು, ಐರಿಶ್‌ನಲ್ಲಿ ಮುಯಿರ್ ಅಂದರೆ ಕಡಲು. ಎರಡು ಭಾಷೆ ಬೆರೆಸಿದ್ದಾರೆ ನಿಜ, ಆದರೆ ಅರ್ಥ ಕೆಟ್ಟಿಲ್ಲ. ಅದಕ್ಕೇ ಅದು ಕಿವಿಯಲ್ಲಿ ನಿಲ್ಲುತ್ತದೆ ಅನ್ನಿಸುತ್ತದೆ ನನಗೆ.

ಸಂಧಿಪ್ರಿಯೆ:
ಇರುಳಾಟ ಅವರೇ, ಅರ್ಥ ನೋಡಿ, ದಯವಿಟ್ಟು. ವೆಲ್ಶ್‌ನಲ್ಲಿ ಅಬರ್ ಅಂದರೆ ಹೊಳೆ ಹೋಗಿ ಸೇರುವ ಜಾಗ. ವೇಲ್ಸ್‌ನ ಸ್ವಾನ್ಸಿ ಊರಿಗೆ ವೆಲ್ಶ್‌ನಲ್ಲಿ ಅಬರ್‌ತಾವೆ ಅಂತಾರೆ, ತಾವೆ ಹೊಳೆ ಕಡಲು ಸೇರೋದು ಅಲ್ಲಿ. ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ಇದಕ್ಕೇ ಇನ್ವರ್, ಇನ್ವರ್‌ನೆಸ್ ಅಂದರೆ ನೆಸ್ ಹೊಳೆಯ ಬಾಯಿ. ಈಗ ಸ್ಕಾಟ್ಲೆಂಡಿನ ಪೂರ್ವ ಕರಾವಳಿ ನೋಡಿ, ಅಲ್ಲಿ ಅಬರ್ಡೀನ್ ಇದೆ. ಗೇಲಿಕ್ ಬರುವ ಮೊದಲು ಅಲ್ಲಿ ಪಿಕ್ಟ್ ಜನ ವೆಲ್ಶ್‌ಗೆ ನಂಟಿದ್ದ ಭಾಷೆ ಆಡುತ್ತಿದ್ದರು, ಆ ಗುರುತು ಊರ ಹೆಸರಿನಲ್ಲಿ ಉಳಿದಿದೆ. ನಿಮ್ಮ ಗೇಮ್‌ನಲ್ಲೂ ಹಳೇ ಜನ, ಆಮೇಲೆ ಬಂದ ಜನ ಅಂತ ಇದ್ದರೆ ಬರೀ ಹೆಸರಿನಿಂದಲೇ ಅದನ್ನು ತೋರಿಸಬಹುದು, ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಿಲ್ಲ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ವೆಲ್ಶ್‌ನಲ್ಲಿ ಸೇತುವೆಗೆ ಪಾಂಟ್. ಪೆನ್ ಅಂದರೆ ತಲೆ, ತುದಿ, ಬೆಟ್ಟದ ನೆತ್ತಿಗೂ ಅದೇ. ಆದರೆ ಊರ ಹೆಸರು ಪೆನ್-ಅ-ಬಾಂಟ್, ಸೇತುವೆಯ ತುದಿ ಅಂತ. ಪ ಹೋಗಿ ಬ ಬಂತು. ಕ ಗ ಆಗುತ್ತದೆ, ತ ದ ಆಗುತ್ತದೆ. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಾಯಿತು ಅಲ್ವಾ? ಮಳೆಗಾಲ, ಬೆಟ್ಟದಾವರೆ, ಕಂಬನಿ. ಕಾರಣ ಬೇರೆ, ಅಲ್ಲಿ ವ್ಯಾಕರಣಕ್ಕಾಗಿ ಬದಲಾಗುತ್ತದೆ, ಆದರೆ ಕನ್ನಡದ ಕಿವಿಗೆ ಇದು ಹೊಸದಲ್ಲ.

ಬೆಳ್ಳಿಮೋಡ:
ಒಂದು ಮಾತು ಸೇರಿಸ್ತೀನಿ. ಗೇಮ್‌ಗಳಲ್ಲಿ ಎಲ್ಫ್‌ಗಳಿಗೆ, ಮಾಯವಾದ ಜನಾಂಗಗಳಿಗೆ ಈ ಭಾಷೆಗಳನ್ನೇ ಜಾಸ್ತಿ ಕೊಡ್ತಾರೆ. ಆದರೆ 2021ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ವೆಲ್ಶ್ ಬಲ್ಲವರು ಸುಮಾರು 5.38 ಲಕ್ಷ. ಮಕ್ಕಳು ಅದರಲ್ಲೇ ಪಾಠ ಕಲಿಯುತ್ತಾರೆ, ಜಗಳ ಆಡುತ್ತಾರೆ. ನಮ್ಮ ನುಡಿಯನ್ನು ಯಾರಾದರೂ ಸತ್ತವರ ಮಂತ್ರದ ಹಾಗೆ ಬಳಸಿದರೆ ನಮಗೆ ನೋವಾಗಲ್ವಾ? ನಿ ನೋ ಕುನಿ ಗೇಮ್‌ನ ಡ್ರಿಪ್ಪಿ ಅನ್ನೋ ಪಾತ್ರ ವೆಲ್ಶ್ ಧಾಟಿಯ ಇಂಗ್ಲಿಷ್‌ನಲ್ಲಿ ಹರಟುತ್ತದೆ, ಅದು ನನಗೆ ಇಷ್ಟ, ಯಾಕಂದರೆ ಅಲ್ಲಿ ಅದು ದಿನನಿತ್ಯದ ಮಾತು. ಹೆಸರುಗಳನ್ನು ಒಬ್ಬ ವೆಲ್ಶ್ ಮಾತಾಡುವವರಿಗೆ ತೋರಿಸಿ, ಅವರ ಸಮಯಕ್ಕೆ ದುಡ್ಡೂ ಕೊಡಿ.

ಇರುಳಾಟ:
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ತೆಗೆದು ನೋಡಿದೆ. ಅಬರ್ ಅಂತ ಶುರುವಾಗುವ ಆರು ಊರುಗಳಿವೆ, ನಾಲ್ಕು ಬೆಟ್ಟದ ಮೇಲಿವೆ. ಎರಡಕ್ಕೆ ಪೆನ್ ಅಂತ ಬದಲಾಯಿಸುತ್ತೇನೆ. ಉಳಿದ ಎರಡರ ಹತ್ತಿರ ಹೊಳೆ ಹರಿಸೋಣ ಅಂತಿದ್ದೇನೆ, ಮ್ಯಾಪ್‌ನ ಆ ಮೂಲೆ ಹೇಗೂ ಬರಿದಾಗಿತ್ತು.