ದೊಡ್ಡಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ವಾರ್ಡನ್ ಚೀಟಿ

ಕಂಕನಾಡಿಯಿಂದ ಪ್ರಶ್ನೆ:
ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿದ್ದ ನಮ್ಮ ದೊಡ್ಡಜ್ಜನವರ ಟ್ರಂಕಿನಲ್ಲಿ ಎರಡು ಚೀಟಿಗಳು ದೊರೆತಿವೆ. ಒಂದರಲ್ಲಿ ಹೆಸರು, ವಿಳಾಸ ಮತ್ತು ಅಕ್ಷರ ಬೆರೆತ ಸಂಖ್ಯೆಯಿದೆ. ಇನ್ನೊಂದು ಅವರನ್ನು ವಾಯುದಾಳಿ ವಾರ್ಡನ್ ಎನ್ನುತ್ತದೆ. ಒಬ್ಬರಿಗೇ ಎರಡೇಕೆ?

ಮಣಿಪಾಲದಿಂದ ಉತ್ತರ:
ಮೊದಲನೆಯದು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯ ಫಲವಾಗಿ ಜನಸಾಮಾನ್ಯರಿಗೆಲ್ಲ ಕೊಟ್ಟ ಗುರುತಿನ ಚೀಟಿ. 1952ರವರೆಗೂ ಅದು ಜಾರಿಯಲ್ಲಿತ್ತು. ಸಾಮಾನ್ಯ ಚೀಟಿಯಲ್ಲಿ ಭಾವಚಿತ್ರವಾಗಲಿ ಹುದ್ದೆಯ ಅಧಿಕಾರವಾಗಲಿ ಇರುತ್ತಿರಲಿಲ್ಲವಾದ್ದರಿಂದ, ರಾತ್ರಿ ಅಪರಿಚಿತರ ಬಾಗಿಲು ತಟ್ಟಿ ಶತ್ರುವಿಮಾನಗಳಿಗೆ ಕಾಣದಂತೆ ಕಿಟಕಿಯ ಬೆಳಕು ಮುಚ್ಚಿಸಬೇಕಾಗಿದ್ದ ವಾರ್ಡನ್ನರಿಗೆ ಪ್ರತ್ಯೇಕ ನೇಮಕಾತಿ ಚೀಟಿ ಅಗತ್ಯವಾಗಿತ್ತು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಮೂಲ್ಯ.

ಉಡುಪಿಯಿಂದ ಉತ್ತರ:
ಪೆಟ್ಟಿಗೆಯ ತಳದಲ್ಲಿ ಪದಕವಿದೆಯೇ ನೋಡಿ. ಬ್ರಿಟನ್ನಿನ ನಾಗರಿಕ ರಕ್ಷಣೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷ ದುಡಿದವರು ರಕ್ಷಣಾ ಪದಕಕ್ಕೆ ಅರ್ಹರಾಗಿದ್ದರು. ಆದರೆ ಅದನ್ನು ಹೆಸರು ಕೆತ್ತದೆಯೇ ಕೊಡುತ್ತಿದ್ದುದರಿಂದ ಅದು ಯಾರದೆಂದು ಹೇಳಬಲ್ಲದ್ದು ಈ ಕಾಗದಗಳೇ. 1939ರ ನೋಂದಣಿ ಪುಸ್ತಕದಲ್ಲಿಯೂ ಕೆಲವರ ಹೆಸರಿನೆದುರು ವಾರ್ಡನ್ ಸೇವೆಯ ಉಲ್ಲೇಖವಿದೆ.

ಕಂಕನಾಡಿಯಿಂದ:
ಧನ್ಯವಾದಗಳು. ಚೀಟಿಗಳು ಮಡಿಕೆಯ ಗೆರೆಯಲ್ಲಿ ಹರಿಯುತ್ತಿವೆ, ಲ್ಯಾಮಿನೇಷನ್ ಮಾಡಿಸಲೇ?

ಮಣಿಪಾಲದಿಂದ:
ದಯವಿಟ್ಟು ಬೇಡ, ಸೆಲ್ಲೋಟೇಪೂ ಬೇಡ. ನಮ್ಮ ಮಳೆಗಾಲದ ತೇವ ತಗಲದಂತೆ, ಆಮ್ಲರಹಿತ ಕಾಗದದ ನಡುವೆ ಬಿಡಿಸಿಟ್ಟು, ಮೊದಲು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿರಿ.