ಆಯಿ ರಟ್ಟಿಮ್ಯಾಲ ಬೆರಳಿನ ಗುರ್ತು, ಯಾರಿಗೆ ಹೇಳ್ಬೇಕ್ರಿ?

ನೈಟ್‌ಡ್ಯೂಟಿ_ಸೇಡಂ:
ನಾ ಸೇಡಂ ಕಡಿ ಸ್ಟಾಫ್ ನರ್ಸ್ ಅದೀನ್ರಿ, ಕೆಲಸಕ್ಕ ಸೇರಿ ಎರಡೇ ವರ್ಷ. ಮೊನ್ನೆ ಒಬ್ಬಾಕಿ ಆಯಿ ಅಡ್ಮಿಟ್ ಆಗ್ಯಾಳ, ಎಪ್ಪತ್ತರ ಮ್ಯಾಲ ವಯಸ್ಸು, ಬಚ್ಚಲದಾಗ ಜಾರಿ ಬಿದ್ದಾಳ ಅಂತ ಮಗ ಹೇಳ್ದ. ಖರೇ ಬಿಪಿ ನೋಡಾಕ ಕುಪ್ಪಸದ ತೋಳು ಸರ್ಸಿದ್ರ ರಟ್ಟಿ ಒಳಗಡಿ ನಾಕು ಬೆರಳಿನ ಗುರ್ತು ಅವ, ಕೆಲವು ನೀಲಿ ಕೆಲವು ಹಳದಿ, ಬೆನ್ನಿಗೆ ಹಾಸಿಗಿ ಹುಣ್ಣು ಬ್ಯಾರೆ. ಏನ್ ಕೇಳಿದ್ರೂ ಮಗನೇ ಉತ್ರ ಕೊಡ್ತಾನ, ಆಯಿ ಅವನ ಮಾರಿ ನೋಡಿ ಸುಮ್ಮಾಗ್ತಾಳ. ಅಂವ ಚಾ ಕುಡ್ಯಾಕ ಹೋದಾಗ ಮೆಲ್ಲಕ ಕೇಳ್ದೆ, ಕೈ ಗಟ್ಟಿ ಹಿಡ್ದು "ಯಾರಿಗೂ ಹೇಳಬ್ಯಾಡವ್ವಾ, ನಾಳಿ ನಂಗ ರೊಟ್ಟಿ ಯಾರ್ ಹಾಕ್ತಾರ" ಅಂದ್ಳು. ಡಾಕ್ಟರ್‌ಗೆ ಹೇಳಿದ್ರ ಇಲ್ಲದ ಉಸಾಬರಿ ಅಂತಾರೇನೋ ಅಂತ ಅಂಜಿಕಿ.

ಹಳೇ_ಸಿಸ್ಟರ್_ಬೀದರ್:
ಅಂಜಬ್ಯಾಡ ತಂಗಿ. ಬಿದ್ದ ಪೆಟ್ಟು ಸಾಮಾನ್ಯ ಮೊಣಕೈ, ಮೊಣಕಾಲು, ಹಣಿ, ಟೊಂಕಕ್ಕ ಆಗ್ತದ, ರಟ್ಟಿ ಒಳಗಡಿ ಬೆರಳು ಮೂಡೂದು ಹಿಡ್ದು ಎಳೆದಾಗ. ಆದ್ರ ಬಣ್ಣ ನೋಡಿ ಎಷ್ಟು ದಿನದ್ದು ಅಂತ ಲೆಕ್ಕ ಹಾಕಬ್ಯಾಡ, ರಕ್ತ ತೆಳು ಮಾಡೋ ಗುಳಿಗಿ ತಗೋತಾಳೇನು ಅದನ್ನೂ ಕೇಳು. ಕೇಸ್ ಶೀಟಿನ್ಯಾಗ ಜಾಗ, ಅಳತಿ, ಬಣ್ಣ, ಟೈಮ್ ಬರಿ, ಆಯಿ ಅಂದಿದ್ದು ಆಕಿ ಮಾತಿನ್ಯಾಗೇ ಬರಿ, "ಮಗ ಹೊಡ್ದಾನ" ಅಂತ ನಿನ್ ತೀರ್ಪು ಸೇರಿಸಬ್ಯಾಡ. ಆಮ್ಯಾಲ ಡ್ಯೂಟಿ ಡಾಕ್ಟರ್‌ಗೆ ತೋರ್ಸು, ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಮೆಡಿಕೋ-ಲೀಗಲ್ ಕೇಸ್) ಮಾಡೂದು ಅವರ ಕೆಲಸ. ಮಗನ್ನ ಮಾತ್ರ ವಾರ್ಡಿನ್ಯಾಗ ಜಾಡಿಸಬ್ಯಾಡ, ಡಿಸ್ಚಾರ್ಜ್ ಬರ್ಸಿಕೊಂಡು ಹೊಂಟ್‌ಬಿಡ್ತಾನ, ಮನ್ಯಾಗ ಆಕಿನ್ನ ನೋಡೋರ್ ಯಾರ?

ತೊಗರಿ_ಹೊಲ:
ಎಲ್ಲಾ ಮಕ್ಕಳೂ ಹಂಗಿರಂಗಿಲ್ರಿ. ನಮ್ಮವ್ವ ಹಾಸಿಗಿ ಹಿಡ್ದಾಗ ಎಬ್ಬಿಸಿದ ಸಲ ಎಲ್ಲ ರಟ್ಟಿ ಕಪ್ಪಾಗ್ತಿತ್ತು, ಊರಾಗ ನನ್ನ ಹೆಸ್ರೂ ಕೆಟ್ಟಿತ್ತು.

ಹಳೇ_ಸಿಸ್ಟರ್_ಬೀದರ್:
ಖರೇ ಅದ ತಮ್ಮಾ, ಅದಕ್ಕೇ ತೀರ್ಪು ಬರೀಬ್ಯಾಡ ಅಂದಿದ್ದು. ಖರೇ ನಿಮ್ಮವ್ವ ನಿನ್ ಮಾರಿ ನೋಡಿ ಅಂಜ್ತಿದ್ದಿಲ್ಲಲಾ.

ಯಾದಗಿರಿ_ಪಿಂಚಣಿ:
ರೊಟ್ಟಿ ಯಾರ್ ಹಾಕ್ತಾರ ಅಂದ್ಳಲ್ಲ, ಅದಕ್ಕ 2007ರ ಹಿರಿಯ ನಾಗರಿಕರ ಕಾಯ್ದೆ ಅದ. ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಮುಂದ ಅರ್ಜಿ ಹಾಕಿದ್ರ ತಿಂಗಳಿಗೆ 10,000 ತನಕ ಜೀವನಾಂಶ ಕೊಡ್ಸಾಕ ಬರ್ತದ, ಆಕಿಗೆ ಅಡ್ಡಾಡಾಕ ಆಗ್ಲಿಲ್ಲಂದ್ರ ಆಕಿ ಒಪ್ಪಿದವ್ರು ಹಾಕಬಹುದು. ಸೇಡಂದಾಗೇ ಎಸಿ ಆಫೀಸ್ ಅದಲಾ. ನೋಡ್ಕೋತೀನಿ ಅನ್ನೋ ಷರತ್ತಿನ್ಯಾಗ ಹೊಲ ಮಗಗ ಬರ್ದುಕೊಟ್ಟಿದ್ರ 23ನೇ ಕಲಂದಾಗ ಅದನ್ನೂ ರದ್ದು ಮಾಡ್ಸಬಹುದು. ಮೊದ್ಲು 14567ಗೆ ಫೋನ್ ಹಚ್ರಿ, ಹಿರಿಯರ ಸಹಾಯವಾಣಿ ಅದು, ಪುಕ್ಕಟ. ಹೊಡೆದಾಟ ಕಣ್ಮುಂದ ನಡ್ದ್ರ 112.

ನೈಟ್‌ಡ್ಯೂಟಿ_ಸೇಡಂ:
ಡಾಕ್ಟರ್‌ಗೆ ತೋರ್ಸಿದೆ ಅಕ್ಕಾ, ಬೈತಾರ ಅಂದ್ಕೊಂಡಿದ್ದೆ, ಸುಮ್ನ ಕುಂತು ಪೂರಾ ನೋಡಿ ಎಂಎಲ್‌ಸಿ ಬರ್ದ್ರು. ಆಯಿಗೆ ಚಿತ್ತಾಪುರದಾಗ ಮಗಳದಾಳಂತ, ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಾಳ, ನಂಬರಿನ ಕಡೀ ಅಂಕಿ ಅಳಿಸೇದ, ಒಂದೊಂದೇ ಹಚ್ಚಿ ನೋಡಾಕತ್ತೀನಿ.